ಹತ್ತು ದಿನ ಕುಣಿದ ನವಿಲು: ಸಣ್ಣ ಕಾಲೇಜಿಗೆ ಕೊನೆಗೆ ಉಳಿದದ್ದೇನು?

ಪೇಟೆಯವರಿಗೆ ಇದು ಗೊತ್ತಿರುವ ಕತೆ. ಸಣ್ಣ ಅಂಗಡಿಯಲ್ಲಿ ತಕ್ಕಡಿ ಹಿಡಿಯಲು ಕಲಿತ ಹುಡುಗ, ಕೈ ಪಳಗಿದ ಮೇಲೆ ಎದುರು ಸಾಲಿನ ದೊಡ್ಡ ಅಂಗಡಿಗೆ ಹೋಗಿ ಗಲ್ಲಾ ಪಕ್ಕ ನಿಲ್ಲುತ್ತಾನೆ. ನಾಲ್ಕು ಕಾಸು ಹೆಚ್ಚು ಕೊಟ್ಟವರ ಕಡೆ ಹೋದ, ತಪ್ಪೇನು ಅಂತ ಕೇಳುವವರು ಕೆಲವರು. ಉಪ್ಪು ತಿಂದ ಮನೆ ಮರೆತ ಅಂತ ಬೈಯುವವರು ಕೆಲವರು.

ಅಮೆರಿಕದ ಒಂದು ಸಣ್ಣ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ಕತೆಯೂ ಇದೇ. ವ್ಯತ್ಯಾಸ ಇಷ್ಟೇ. ಅಲ್ಲಿ ಹೋದದ್ದು ಒಬ್ಬ ಹುಡುಗ ಅಲ್ಲ. ಗುರುವೂ ಹೋದ, ಅವನ ಹಿಂದೆ ಹೆಸರಾದ ಆಟಗಾರರೂ ಹೋದರು. ಅದೂ ಸೋತದ್ದಕ್ಕಲ್ಲ, ಗೆದ್ದದ್ದಕ್ಕೆ!

ಕಾಲೇಜಿನ ಹೆಸರು ಸೇಂಟ್ ಪೀಟರ್ಸ್. ಊರು ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿ. ಹಡ್ಸನ್ ನದಿಯ ಆಚೆ ದಡದಲ್ಲಿ ನ್ಯೂಯಾರ್ಕಿನ ಮುಗಿಲು ಮುಟ್ಟುವ ಕಟ್ಟಡಗಳು, ಈಚೆ ದಡದಲ್ಲಿ ಈ ಊರು. ಸೀರೆ, ಒಡವೆ, ದಿನಸಿ ಮಾರುವ ಭಾರತೀಯರ ಅಂಗಡಿಗಳು ಸಾಲಾಗಿರುವ 'ಇಂಡಿಯಾ ಸ್ಕ್ವೇರ್' ಇರುವುದೂ ಇದೇ ಊರಲ್ಲಿ. 1872ರಲ್ಲಿ ಜೆಸ್ವಿಟ್ ಪಾದ್ರಿಗಳು ಕಟ್ಟಿದ ಕಾಲೇಜು ಇದು. 2012ರಲ್ಲಿ ಬೋರ್ಡು ಬದಲಾಗಿ ಯೂನಿವರ್ಸಿಟಿ ಆಯಿತು. ತಂಡದ ಅಡ್ಡಹೆಸರು 'ಪೀಕಾಕ್ಸ್', ಅಂದರೆ ನಮ್ಮ ರಾಷ್ಟ್ರಪಕ್ಷಿ ನವಿಲು!

ಬಾಗಿಲು ಎರಡು

ಅಮೆರಿಕದಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಕಾಲೇಜು ಬಾಸ್ಕೆಟ್‌ಬಾಲಿನ ಜಾತ್ರೆ. 68 ತಂಡಗಳು. ಒಂದು ಸಲ ಸೋತರೆ ಮನೆಗೆ. ನಾಲ್ಕು ಗುಂಪು, ಪ್ರತಿ ಗುಂಪಿನಲ್ಲೂ 1ರಿಂದ 16ರ ತನಕ ನಂಬರು. 1 ಅಂದರೆ ಗಟ್ಟಿಕುಳ, 16 ಅಂದರೆ ಬಂದ ದಾರಿಗೆ ಸುಂಕವಿಲ್ಲ ಅಂತ ಹೋಗಬೇಕಾದ ಬಡಪಾಯಿ.

ಈ ಜಾತ್ರೆಗೆ ಬಾಗಿಲು ಎರಡು. ಒಂದು, ಆಯ್ಕೆ ಸಮಿತಿಯ ಬಾಗಿಲು. ವರ್ಷವಿಡೀ ಗೆಲ್ಲುತ್ತ ಬಂದ ದೊಡ್ಡ ತಂಡಗಳನ್ನು ಸಮಿತಿಯೇ ಕರೆಯುತ್ತದೆ. ಇನ್ನೊಂದು, ಕೂಟದ ಬಾಗಿಲು. ಅಲ್ಲಿನ ಕಾಲೇಜುಗಳು 'ಕಾನ್ಫರೆನ್ಸ್' ಎಂಬ ಕೂಟಗಳಲ್ಲಿ ಸೇರಿಕೊಂಡಿವೆ. ಕೂಟದ ಪಂದ್ಯಾವಳಿ ಗೆದ್ದವರಿಗೆ ಯಾರ ಶಿಫಾರಸೂ ಬೇಡ, ನೇರ ಪ್ರವೇಶ. ಸೇಂಟ್ ಪೀಟರ್ಸ್‌ನಂಥ ಕಾಲೇಜಿಗೆ ನಿಜವಾಗಿ ತೆರೆದಿರುವುದು ಈ ಎರಡನೇ ಬಾಗಿಲು ಮಾತ್ರ. ಈ ಮಾತು ನೆನಪಿರಲಿ, ಕೊನೆಗೆ ಮತ್ತೆ ಬರುತ್ತದೆ.

ಹಳೆಯ ಲೆಕ್ಕ

ನವಿಲುಗಳ ಹಳೆಯ ವೈಭವ ಇದ್ದದ್ದು ಬೇರೊಂದು ಪಂದ್ಯಾವಳಿಯಲ್ಲಿ. ಅದು 1938ರಲ್ಲಿ ಶುರುವಾದ ಎನ್.ಐ.ಟಿ. ಈಗಿನ ದೊಡ್ಡ ಜಾತ್ರೆಗಿಂತ ಒಂದು ವರ್ಷ ಹಿರಿಯದು. 1968ರಲ್ಲಿ ಡಾನ್ ಕೆನಡಿ ತರಬೇತಿಯ ಸೇಂಟ್ ಪೀಟರ್ಸ್ ಹುಡುಗರು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಡ್ಯೂಕ್‌ನಂಥ ಘಟಾನುಘಟಿಯನ್ನು 100–71ರಿಂದ ಮಣ್ಣು ಮುಕ್ಕಿಸಿ ಸೆಮಿಫೈನಲ್ ಸೇರಿದರು. ಅಲ್ಲಿ ಕ್ಯಾನ್ಸಸ್‌ಗೆ ಸೋತು, ಮೂರನೇ ಸ್ಥಾನದ ಪಂದ್ಯದಲ್ಲೂ ಸೋತು ನಾಲ್ಕನೆಯವರಾದರು. ನಿಲ್ಲದೆ ಓಡಿ ಆಡುತ್ತಿದ್ದ ಆ ತಂಡಕ್ಕೆ 'ರನ್ ಬೇಬಿ ರನ್' ಎಂಬ ಹೆಸರು ಬಿತ್ತು. ಕಾಲೇಜಿನ ಆಟದ ಮನೆಗೆ ಇವತ್ತಿಗೂ ಅದೇ ಹೆಸರು.

ದೊಡ್ಡ ಜಾತ್ರೆಯ ಮಾತು ಬೇರೆ. 1991ರಲ್ಲಿ ಹೋದರು, ಮೊದಲ ಸುತ್ತಿನಲ್ಲೇ ಟೆಕ್ಸಾಸ್‌ಗೆ 73–65ರಿಂದ ಸೋತರು. 1995ರಲ್ಲಿ ಹೋದರು, ಮ್ಯಾಸಚೂಸೆಟ್ಸ್‌ಗೆ 68–51ರಿಂದ ಸೋತರು. 2011ರಲ್ಲಿ ಹೋದರು, ಪರ್ಡ್ಯೂಗೆ 65–43ರಿಂದ ಸೋತರು. ಮೂರು ಸಲ ಹೋಗಿ ಮೂರು ಸಲ ಬರಿಗೈ. 2017ರಲ್ಲಿ ಸಿ.ಐ.ಟಿ. ಎಂಬ ಚಿಕ್ಕ ಪಂದ್ಯಾವಳಿಯನ್ನು ಒಂದೇ ಅಂಕದಿಂದ, 62–61ರಿಂದ ಗೆದ್ದದ್ದೇ ಸಮಾಧಾನ.

ಮರುವರ್ಷ, 2018ರಲ್ಲಿ, ಶಹೀನ್ ಹಾಲೊವೇ ಎಂಬ ತರಬೇತುದಾರ ಬಂದರು. ಪಕ್ಕದ ಸೀಟನ್ ಹಾಲ್ ಕಾಲೇಜಿನಲ್ಲಿ ಆಡಿ ಹೆಸರು ಮಾಡಿದವರು. ಮೊದಲ ವರ್ಷದ ಫಲಿತಾಂಶ ಕೇಳಿ: 10 ಗೆಲುವು, 22 ಸೋಲು. ಆದರೂ ಕಾಲೇಜು ಅವರನ್ನು ಓಡಿಸಲಿಲ್ಲ, ಕಾದು ನೋಡಿತು.

ಆ ಹತ್ತು ದಿನ

2022ರ ಮಾರ್ಚ್‌ನಲ್ಲಿ ಆ ತಾಳ್ಮೆಗೆ ಬಡ್ಡಿ ಸಮೇತ ಫಲ ಬಂತು. ತಮ್ಮ ಕೂಟದ ಫೈನಲ್ಲಿನಲ್ಲಿ ಮಾನ್ಮತ್ ತಂಡವನ್ನು 60–54ರಿಂದ ಸೋಲಿಸಿ ನವಿಲುಗಳು ಜಾತ್ರೆಗೆ ಬಂದವು. ಸಿಕ್ಕ ನಂಬರು 15. ಎದುರಾಳಿ 2ನೇ ನಂಬರಿನ ಕೆಂಟಕಿ, ಎಂಟು ಸಲ ರಾಷ್ಟ್ರೀಯ ಚಾಂಪಿಯನ್.

ಎರಡೂ ಮನೆಯ ಜಮಾಖರ್ಚು ನೋಡಿ. ಆಗ ಪತ್ರಿಕೆಗಳಲ್ಲಿ ಬಂದ ಲೆಕ್ಕದಂತೆ ಸೇಂಟ್ ಪೀಟರ್ಸ್ ತಂಡದ ವಾರ್ಷಿಕ ಖರ್ಚು ಸುಮಾರು 16 ಲಕ್ಷ ಡಾಲರ್. ಕೆಂಟಕಿಯದು ಸುಮಾರು 1 ಕೋಟಿ 80 ಲಕ್ಷ ಡಾಲರ್. ಕೆಂಟಕಿಯ ತರಬೇತುದಾರ ಜಾನ್ ಕ್ಯಾಲಿಪರಿ ಒಬ್ಬರ ಸಂಬಳವೇ 80 ಲಕ್ಷ ಡಾಲರಿಗೂ ಮೇಲೆ. ಅಂದರೆ ಅವರೊಬ್ಬರ ಸಂಬಳದಲ್ಲಿ ಇಂಥ ಐದು ತಂಡ ಸಾಕಬಹುದು!

ಆದರೆ ಅಂಕಣದೊಳಗೆ ಇಳಿಯುವವರು ಆ ಕಡೆ ಐದು ಜನ, ಈ ಕಡೆಯೂ ಐದೇ ಜನ. ಮಾರ್ಚ್ 17ರಂದು ಇಂಡಿಯಾನಾಪೊಲಿಸ್‌ನಲ್ಲಿ ಪಂದ್ಯ ಸಮ ಆಗಿ ಹೆಚ್ಚುವರಿ ಸಮಯಕ್ಕೆ ಹೋಯಿತು. ಕೊನೆಗೆ ಸೇಂಟ್ ಪೀಟರ್ಸ್ 85, ಕೆಂಟಕಿ 79. ಡ್ಯಾರಿಲ್ ಬ್ಯಾಂಕ್ಸ್ ಎಂಬ ಹುಡುಗ 27 ಅಂಕ ಹೊಡೆದ. ಮೀಸೆ ಹುಡುಗ ಡಗ್ ಎಡರ್ಟ್ 20 ಹೊಡೆದ.

ಗಾಳಿಗೆ ಬಿದ್ದ ಹಣ್ಣು ಅಂದರು ಕೆಲವರು. ಎರಡು ದಿನ ಬಿಟ್ಟು, ಸತತ 21 ಪಂದ್ಯ ಗೆದ್ದು ಬಂದಿದ್ದ ಮರ್ರೆ ಸ್ಟೇಟ್ 70–60ರಿಂದ ಬಿತ್ತು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಮಾರ್ಚ್ 25ರಂದು ಫಿಲಡೆಲ್ಫಿಯಾದಲ್ಲಿ ಎದುರಿಗೆ ಬಂದದ್ದು 2011ರಲ್ಲಿ ಹೊಡೆದು ಕಳಿಸಿದ್ದ ಅದೇ ಪರ್ಡ್ಯೂ. ಅವರ ಪಾಳಯದಲ್ಲಿ ಜ್ಯಾಕ್ ಈಡಿ ಎಂಬ 7 ಅಡಿ 4 ಅಂಗುಲದ ಆಳು. ಹುಡುಗರು ಹೆದರಲಿಲ್ಲ. ಗೆಲುವು 67–64. 15ನೇ ನಂಬರಿನ ತಂಡವೊಂದು ಕೊನೆಯ ಎಂಟರೊಳಗೆ ಕಾಲಿಟ್ಟದ್ದು ಆ ಜಾತ್ರೆಯ ಚರಿತ್ರೆಯಲ್ಲೇ ಅದು ಮೊದಲು.

ಮಾರ್ಚ್ 27ರಂದು ಕುಣಿತ ನಿಂತಿತು. ಉತ್ತರ ಕೆರೊಲಿನಾ ತಂಡ 69–49ರಿಂದ ಸೋಲಿಸಿತು. ಮೊದಲ ಪಂದ್ಯದಿಂದ ಲೆಕ್ಕ ಹಾಕಿದರೆ ಹತ್ತು ದಿನ.

ಸಂತೆ ಮುಗಿಯಿತು

ಸೋತ ಮೂರನೇ ದಿನಕ್ಕೆ, ಮಾರ್ಚ್ 30ರಂದು, ಹಾಲೊವೇ ಸೀಟನ್ ಹಾಲ್‌ನ ತರಬೇತುದಾರ ಅಂತ ಪ್ರಕಟವಾಯಿತು. ಅದೇ ರಾಜ್ಯ, ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ, ಸ್ವಂತ ಹಳೆಯ ಕಾಲೇಜು, ದೊಡ್ಡ ಕೂಟ. ಬೇಡ ಅನ್ನುವವರು ಯಾರು?

ಆಮೇಲೆ ಹುಡುಗರ ಸರದಿ. ಬ್ಯಾಂಕ್ಸ್ ಸೇಂಟ್ ಬೊನಾವೆಂಚರ್‌ಗೆ ಹೋದ. ಎಡರ್ಟ್ ಬ್ರಯಂಟ್‌ಗೆ ಹೋದ. ಅವಳಿ ಸಹೋದರರಾದ ಡ್ರಾಮೆಗಳು ಲಾ ಸಾಲ್‌ಗೆ ಹೋದರು. ಮ್ಯಾಥ್ಯೂ ಲೀ ಮಿಸ್ಸೂರಿ ಸ್ಟೇಟ್‌ಗೆ, ಕೆ.ಸಿ. ಎನ್‌ಡೆಫೊ ಗುರುವಿನ ಹಿಂದೆಯೇ ಸೀಟನ್ ಹಾಲ್‌ಗೆ. ಮುಂದಿನ ಋತುವಿಗೆ ಬಂದ ಹೊಸ ತರಬೇತುದಾರ ಬಶೀರ್ ಮೇಸನ್‌ಗೆ ಸಿಕ್ಕಿದ್ದು ಖಾಲಿ ಕಪಾಟು.

ಹುಡುಗರನ್ನು ಬೈಯುವುದು ಸುಲಭ. ಆದರೆ ಕಾನೂನು ಬದಲಾದದ್ದನ್ನೂ ನೋಡಬೇಕು. 2021ಕ್ಕೆ ಮುಂಚೆ ಕಾಲೇಜು ಬದಲಾಯಿಸಿದ ಬಾಸ್ಕೆಟ್‌ಬಾಲ್ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಬೆಂಚಿನ ಮೇಲೆ ಕೂರಬೇಕಿತ್ತು. ಆ ವರ್ಷ ಒಂದು ಸಲದ ಮಟ್ಟಿಗೆ ಆ ತಡೆ ತೆಗೆದರು. 2024ರಲ್ಲಿ ಎಷ್ಟು ಸಲ ಬೇಕಾದರೂ ಬದಲಾಯಿಸಿ ಅಂದರು. ತನ್ನ ಹೆಸರು, ಮುಖ ಜಾಹೀರಾತಿಗೆ ಕೊಟ್ಟು ಕಾಸು ಪಡೆಯುವ ಹಕ್ಕು ಸಿಕ್ಕಿದ್ದೂ 2021ರ ಜುಲೈ 1ರಿಂದಲೇ. ಎಡರ್ಟ್‌ನ ಮೀಸೆ ಟಿ.ವಿ.ಯಲ್ಲಿ ಮಿಂಚಿದ ಕೂಡಲೇ ಬಫಲೋ ವೈಲ್ಡ್ ವಿಂಗ್ಸ್ ಎಂಬ ಕೋಳಿ ಹೋಟೆಲಿನವರು ಒಪ್ಪಂದ ಮಾಡಿಕೊಂಡರು.

ಅದಕ್ಕೂ ಮುಂಚೆ ನಡೆಯುತ್ತಿದ್ದದ್ದು ಏನು? ಈ ಜಾತ್ರೆಯ ಟಿ.ವಿ. ಪ್ರಸಾರದ ಹಕ್ಕನ್ನು 2010ರಲ್ಲಿ 14 ವರ್ಷಕ್ಕೆ 1,080 ಕೋಟಿ ಡಾಲರಿಗೆ ಮಾರಿದರು. ತರಬೇತುದಾರರಿಗೆ ಲಕ್ಷಗಟ್ಟಲೆ ಹೋಯಿತು. ಬೆವರು ಸುರಿಸಿದ ಹುಡುಗನಿಗೆ ಸಿಗುತ್ತಿದ್ದದ್ದು ಫೀಸು, ಊಟ, ಹಾಸ್ಟೆಲು. ಈಗ ಅವನೂ ಬೆಲೆ ಕೇಳುತ್ತಾನೆ. ಕೇಳಲಿ ಬಿಡಿ, ನ್ಯಾಯವೇ.

ಆದರೆ ಈ ನ್ಯಾಯದ ಬಿಲ್ಲು ಕಟ್ಟುವವರು ಯಾರು ಅನ್ನುವುದೇ ಪ್ರಶ್ನೆ. 2025ರ ಜೂನ್ 6ರಂದು ಅಲ್ಲಿನ ನ್ಯಾಯಾಲಯ ಒಂದು ರಾಜಿಗೆ ಒಪ್ಪಿಗೆ ಕೊಟ್ಟಿತು. ಅದರ ಪ್ರಕಾರ 2025–26ರ ಸಾಲಿನಲ್ಲಿ ಒಂದು ಕಾಲೇಜು ತನ್ನೆಲ್ಲ ಆಟಗಾರರಿಗೆ ಸೇರಿ ಸುಮಾರು 2 ಕೋಟಿ 5 ಲಕ್ಷ ಡಾಲರ್ ತನಕ ನೇರವಾಗಿ ಕೊಡಬಹುದು. ಕೊಡಲೇಬೇಕು ಅಂತಿಲ್ಲ, ಶಕ್ತಿ ಇದ್ದವರು ಕೊಡಬಹುದು. 16 ಲಕ್ಷದಲ್ಲಿ ತಂಡ ನಡೆಸಿದವರು ಈ ಹರಾಜಿನಲ್ಲಿ ಕೈ ಎತ್ತುವುದಾದರೂ ಹೇಗೆ?

ಗೆದ್ದ ಹಣ ಎಲ್ಲಿ ಹೋಯಿತು ಅಂತಲೂ ಕೇಳಬಹುದು. ಜಾತ್ರೆಯಲ್ಲಿ ಆಡಿದ ಒಂದೊಂದು ಪಂದ್ಯಕ್ಕೆ ಒಂದೊಂದು ಪಾಲು. ಆಗಿನ ದರದಲ್ಲಿ ಒಂದು ಪಾಲಿಗೆ ಆರು ವರ್ಷದ ಕಂತಿನಲ್ಲಿ ಸುಮಾರು 20 ಲಕ್ಷ ಡಾಲರ್. ನಾಲ್ಕು ಪಂದ್ಯ ಆಡಿದ ಸೇಂಟ್ ಪೀಟರ್ಸ್ ನಾಲ್ಕು ಪಾಲು ಗಳಿಸಿತು. ಆದರೆ ಹಣ ಹೋಗುವುದು ಕಾಲೇಜಿಗಲ್ಲ, ಕೂಟಕ್ಕೆ. ಅಂದು ಆ ಕೂಟದಲ್ಲಿ 11 ಕಾಲೇಜು. ಹಂಚುವ ಲೆಕ್ಕವೂ ಕೂಟದ್ದೇ.

ಹಾಗಾದರೆ ಉಳಿದದ್ದೇನು?

ಗುರು ಉಳಿಯಲಿಲ್ಲ, ಹುಡುಗರು ಉಳಿಯಲಿಲ್ಲ, ಹಣ ಹಂಚಿಹೋಯಿತು. ಮರುವರ್ಷ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ನವಿಲಿನ ಗರಿ ಉದುರಿತು, ಇನ್ನು ಕತೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು.

ಆದರೆ 2024ರ ಮಾರ್ಚ್ ನೋಡಿ. ಮೇಸನ್ ಕಟ್ಟಿದ ಹೊಸ ತಂಡ ಕೂಟದ ಫೈನಲ್ಲಿನಲ್ಲಿ ಫೇರ್‌ಫೀಲ್ಡ್ ತಂಡವನ್ನು 68–63ರಿಂದ ಸೋಲಿಸಿ ಮತ್ತೆ ದೊಡ್ಡ ಜಾತ್ರೆಗೆ ಹೋಯಿತು. ಅದೇ ವರ್ಷ ಹಾಲೊವೇ ಅವರ ಸೀಟನ್ ಹಾಲ್ ಇಪ್ಪತ್ತು ಪಂದ್ಯ ಗೆದ್ದು ಕಾದು ಕುಳಿತಿತ್ತು. ಸಮಿತಿ ಅವರನ್ನು ಕರೆಯಲೇ ಇಲ್ಲ! ದೊಡ್ಡ ಮನೆಗೆ ಹೋದವರಿಗೆ ಬಾಗಿಲು ಮುಚ್ಚಿತ್ತು, ಬಿಟ್ಟುಹೋದ ಸಣ್ಣ ಮನೆಗೆ ತೆರೆದಿತ್ತು. ಸೀಟನ್ ಹಾಲ್ ಹಳೆಯ ಎನ್.ಐ.ಟಿ.ಗೆ ಹೋಗಿ ಇಂಡಿಯಾನಾ ಸ್ಟೇಟನ್ನು 79–77ರಿಂದ ಸೋಲಿಸಿ ಪ್ರಶಸ್ತಿ ಗೆದ್ದದ್ದು ನಿಜ. ಸೇಂಟ್ ಪೀಟರ್ಸ್ ಮೊದಲ ಪಂದ್ಯದಲ್ಲೇ ಟೆನ್ನೆಸ್ಸೀಗೆ 83–49ರಿಂದ ಹೀನಾಯವಾಗಿ ಸೋತದ್ದೂ ನಿಜ. ಆದರೆ ಹೋಗಿದ್ದು ಹೋಗಿದ್ದೇ.

ಹೀಗೆ 2024ರ ತನಕದ ಲೆಕ್ಕ: ದೊಡ್ಡ ಜಾತ್ರೆಗೆ ಐದು ಸಲ, ಗೆಲುವು ಮೂರು, ಸೋಲು ಐದು. ಮೂರೂ ಗೆಲುವು ಒಂದೇ ಮಾರ್ಚಿನವು. ಐದು ಸಲವೂ ಹೋದದ್ದು ಕೂಟ ಗೆದ್ದ ಬಾಗಿಲಿನಿಂದ.

ಈ ಬಾಗಿಲಿನ ಮೇಲೂ ಈಗ ಕಣ್ಣು ಬಿದ್ದಿದೆ. ಕೆಂಟಕಿ, ಟೆನ್ನೆಸ್ಸೀ ಎರಡೂ ಇರುವ ಎಸ್.ಇ.ಸಿ. ಎಂಬ ದೊಡ್ಡ ಕೂಟದ ಕಮಿಷನರ್ ಗ್ರೆಗ್ ಸ್ಯಾಂಕಿ, ಸಣ್ಣ ಕೂಟಗಳ ನೇರ ಪ್ರವೇಶಕ್ಕಾಗಿ ಬಲಿಷ್ಠ ತಂಡಗಳು ಅವಕಾಶ ಬಿಟ್ಟುಕೊಡಬೇಕಾಗಿದೆ ಎಂಬ ಅರ್ಥದ ಮಾತನ್ನು 2024ರ ಮಾರ್ಚ್‌ನಲ್ಲೇ ಆಡಿದ್ದರು. ವ್ಯಾಪಾರದ ದೃಷ್ಟಿಯಿಂದ ಅವರ ಮಾತಿನಲ್ಲಿ ತರ್ಕವಿಲ್ಲ ಅನ್ನುವ ಹಾಗಿಲ್ಲ. ಟಿ.ವಿ. ಮುಂದೆ ಜನ ಕೂರುವುದು ದೊಡ್ಡ ಹೆಸರಿಗೆ. ಆದರೆ 2022ರಲ್ಲಿ ಆ ದೊಡ್ಡ ಹೆಸರು ಬಿದ್ದಾಗಲೇ ಅಲ್ಲವೇ ದೇಶವೆಲ್ಲ ಎದ್ದು ಕೂತದ್ದು?

ನಮ್ಮ ಕಡೆಗೂ ಇದು ದೂರದ ಮಾತಲ್ಲ. ಕಾಲೇಜು ತಂಡದಲ್ಲಿ ಮಿಂಚಿದ ಹುಡುಗನನ್ನು ಬ್ಯಾಂಕೋ ರೈಲ್ವೆಯೋ ಕ್ರೀಡಾ ಕೋಟಾದಲ್ಲಿ ಕರೆದುಕೊಂಡರೆ ಊರೇ ಸಂತೋಷಪಡುತ್ತದೆ, ಕಾಲೇಜಿನ ಪಿ.ಟಿ. ಮಾಸ್ತರು ಮಾತ್ರ ಮತ್ತೆ ಹೊಸ ಹುಡುಗರನ್ನು ಹುಡುಕಿಕೊಂಡು ಮೈದಾನಕ್ಕೆ ಹೋಗುತ್ತಾರೆ. ಹುಡುಗನಿಗೆ ಅನ್ನ ಸಿಗಲಿ, ಅದಕ್ಕೆ ಯಾರ ತಕರಾರೂ ಇಲ್ಲ. ಸಣ್ಣ ಅಂಗಡಿಯವನು ಕೇಳುವುದು ಒಂದೇ: ತಾನು ಕಲಿಸಿದ ಹುಡುಗನನ್ನು ದೊಡ್ಡವರು ಕರೆದುಕೊಂಡು ಹೋಗಲಿ, ಆದರೆ ಸಂತೆಯಲ್ಲಿ ತನಗಿರುವ ಮೂರಡಿ ಜಾಗಕ್ಕೆ ಮಾತ್ರ ಕೈ ಹಾಕಬಾರದು. ಆ ಜಾಗ ಇದ್ದರೆ ನಾಳೆ ಇನ್ನೊಬ್ಬ ಹುಡುಗ ಬರುತ್ತಾನೆ. ಜೆರ್ಸಿ ಸಿಟಿಯ ಕಾಲೇಜಿಗೆ ಉಳಿದಿರುವುದೂ ಅಷ್ಟೇ.