ಬೀಗದ ಕೈ ಯಾರ ಹತ್ತಿರ ಐತಿ?

2025ರ ಅಕ್ಟೋಬರ್‌ನಲ್ಲಿ ಅಸ್ಸಾಮಿನ ಗುವಾಹಟಿಯಲ್ಲಿ ವಿಶ್ವ ಜೂನಿಯರ್ ಬ್ಯಾಡ್ಮಿಂಟನ್ ಚಾಂಪಿಯನ್‌ಶಿಪ್ ನಡೆಯಿತು. ಪಂಜಾಬಿನ ಹೋಶಿಯಾರ್‌ಪುರದ 16 ವರ್ಷದ ಹುಡುಗಿ ತನ್ವಿ ಶರ್ಮಾ ಫೈನಲ್ ಮುಟ್ಟಿ, ಥಾಯ್ಲೆಂಡ್ ಹುಡುಗಿಯ ಎದುರು 7-15, 12-15ರಿಂದ ಸೋತು ಬೆಳ್ಳಿ ಗೆದ್ದಳು. ಮಿಶ್ರ ತಂಡ ವಿಭಾಗದಲ್ಲಿ ಭಾರತಕ್ಕೆ ಮೊದಲ ಸಲ ಕಂಚು ಬಂತು. ನಾವೂ ಹೆಮ್ಮೆಯಿಂದ ಸ್ಟೇಟಸ್ ಹಾಕಿದೆವು. ಅಲ್ಲಿಗೆ ಮುಗೀತು.

ಕೊಪ್ಪಳದ ಮಕ್ಕಳು ಅಂಥ ಕಡೆ ಯಾಕಿಲ್ಲ ಎಂದು ಕೇಳಿದರೆ ಒಂದೇ ಉತ್ತರ: "ಅದು ಸಿಟಿ ಮಂದಿ ಆಟರೀ, ನಮ್ಮ ಹುಡುಗರಿಗೆ ಎಲ್ಲಿ ಬರ್ತೈತಿ?"

ಈ ಮಾತನ್ನು ನಾವು ಒಪ್ಪುವುದಿಲ್ಲ. 2023ರಲ್ಲಿ ಅಮೆರಿಕದ ಸ್ಪೋಕೇನ್‌ನಲ್ಲಿ ನಡೆದ ಇದೇ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದ ಆಯುಷ್ ಶೆಟ್ಟಿ, ಕಾರ್ಕಳ ಹತ್ತಿರದ ಸಾಣೂರಿನವರು. 2025ರಲ್ಲಿ ಅವರು ಯುಎಸ್ ಓಪನ್ ಪ್ರಶಸ್ತಿಯನ್ನೇ ಗೆದ್ದರು. ಹಳ್ಳಿಯ ಮಕ್ಕಳ ಕೈಗೆ ಈ ಆಟ ಬರುತ್ತದೆ. ಆದರೆ ಪಳಗಲು ಅವರೂ ಬೆಂಗಳೂರಿಗೆ ಹೋಗಬೇಕಾಯಿತು. ನಮಗೆ ಬೆಂಗಳೂರು ಎಂದರೆ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಇಳಿಯುವ ದೂರ. ಕೂಲಿ ಮಾಡುವ ಯಾವ ಅಪ್ಪ ಎಂಟು ವರ್ಷದ ಮಗಳನ್ನು ಅಲ್ಲಿಗೆ ಕಳಿಸಿಯಾನು?

ನಮ್ಮಲ್ಲಿ ಬ್ಯಾಡ್ಮಿಂಟನ್ ಎಂದರೆ ಉಣ್ಣೆ ಚೆಂಡಿನ ಬಾಲ್ ಬ್ಯಾಡ್ಮಿಂಟನ್. ಅದನ್ನು ಶಾಲೆಯ ಬಯಲಲ್ಲೇ ಆಡಬಹುದು. ಶಟಲ್ ಹಾಗಲ್ಲ. ಕಾಕ್‌ನ ತೂಕ ಬರೀ ಐದು ಗ್ರಾಂ. ಯಲಬುರ್ಗಾ, ಕುಕನೂರು ಕಡೆ ಗಾಳಿಯಂತ್ರ ತಿರುಗಿಸುವ ಗಾಳಿ ಈ ಕಾಕ್‌ನ್ನು ಬಿಡುತ್ತದೆಯೇ? ಈ ಆಟಕ್ಕೆ ನಾಲ್ಕು ಗೋಡೆ, ಮೇಲೊಂದು ಎತ್ತರದ ಸೂರು ಬೇಕೇ ಬೇಕು. ಮಕ್ಕಳಲ್ಲಿ ಕೊರತೆ ಇಲ್ಲ, ಸೂರಿನ ಕೊರತೆ ಇದೆ.

ಹಾಗಾದರೆ ಸೂರೇ ಇಲ್ಲವೇ? ಇದೆ. ನಮ್ಮ ಜಿಲ್ಲೆಯ ಒಂದು ಊರಿನ ಒಳಾಂಗಣ ಕೋರ್ಟಿಗೆ ನಾವು ಸಂಜೆ ಹೋಗಿ ಕೂತಿದ್ದೆವು. ಆಡುತ್ತಿದ್ದವರು ತಿಂಗಳ ಶುಲ್ಕ ಕಟ್ಟಿದ ನೌಕರರು, ವ್ಯಾಪಾರಿಗಳು. ಬಾಗಿಲ ಹತ್ತಿರ ನಿಂತ ಇಬ್ಬರು ಹುಡುಗರಿಗೆ ಸಿಕ್ಕ ಕೆಲಸ ಒಂದೇ: "ಏ ತಮ್ಮಾ, ಆ ಕಾಕ್ ತಗೊಂಬಾ." ದೊಡ್ಡವರು ಬೊಜ್ಜು ಕರಗಿಸಬಾರದು ಎಂದು ನಾವು ಹೇಳುತ್ತಿಲ್ಲ. ಆದರೆ ಅವರು ಐವತ್ತಕ್ಕೂ ಆಡಬಹುದು, ಅರವತ್ತಕ್ಕೂ ಆಡಬಹುದು. ಜೂನಿಯರ್ ಆಟಕ್ಕೆ 19ರ ಗಡಿ ಇದೆ. ಪಿಯುಸಿ ಮುಗಿದ ಮೇಲೆ ಮೊದಲ ಸಲ ಕೋರ್ಟಿಗೆ ಇಳಿದ ಹುಡುಗಿಗೆ ಆ ಬಾಗಿಲು ಮುಚ್ಚಿದ ಹಾಗೆಯೇ.

ಇನ್ನು ಸಮುದಾಯ ಭವನಗಳು. ಗಂಗಾವತಿ, ಕುಷ್ಟಗಿ, ಯಾವ ಕಡೆ ಹೋದರೂ ಕಾಣುತ್ತವೆ. ಎಷ್ಟೋ ಭವನಗಳು ಸರ್ಕಾರದ ದುಡ್ಡಲ್ಲೇ ಎದ್ದವು. ಮದುವೆ ಇಲ್ಲದ ದಿನ ಬೀಗ. ಆಷಾಢದಲ್ಲಂತೂ ತಿಂಗಳಿಡೀ ಬೀಗ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಆಡಿ ಬೆಳೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲ್‌ನಲ್ಲಿ. ಅವರಿಗೆ ಒದಗಿದ ಮದುವೆ ಹಾಲ್ ನಮ್ಮ ಮಕ್ಕಳಿಗೆ ಒದಗಬಾರದೇ? ಭವನದ ನೆಲ ಗಟ್ಟಿ, ಸೂರು ತಗ್ಗು ಎನ್ನಬಹುದು. ನಿಜ, ಅಲ್ಲಿ ಅಂತರರಾಷ್ಟ್ರೀಯ ಪಂದ್ಯ ಆಗದು. ಆದರೆ ಎಂಟು ವರ್ಷದ ಮಗು ರ‍್ಯಾಕೆಟ್ ಹಿಡಿಯುವುದನ್ನು ಕಲಿಯಲು ಅಷ್ಟು ಸಾಕು.

"ಬಡವರ ಮಕ್ಕಳು ಕಬಡ್ಡಿ, ಖೋಖೋ ಆಡಲಿ ಬಿಡ್ರಿ" ಎನ್ನುವವರೂ ಇದ್ದಾರೆ. ಆಡಲಿ, ಅವು ನಮ್ಮ ಹೆಮ್ಮೆಯ ಆಟಗಳೇ. ಆದರೆ ಯಾವ ಮಗು ಯಾವ ಆಟ ಆಡಬೇಕೆಂದು ಅಪ್ಪನ ಜೇಬು ತೀರ್ಮಾನಿಸಬಾರದು. ಒಳ್ಳೆಯ ಗರಿ ಕಾಕ್‌ನ ಒಂದು ಡಬ್ಬಿಗೆ ಸಾವಿರ ರೂಪಾಯಿ ದಾಟುತ್ತದೆ. ಅದನ್ನು ಕೂಲಿಯವರ ಮನೆ ಹೊರಲಾರದು, ಸರ್ಕಾರ ಹೊರಬಲ್ಲದು.

ನಾವು ಹಿಂದುಳಿದಿದ್ದೇವೆ ಎಂದೇ 371ಜೆ ಬಂತು, ಕಲ್ಯಾಣ ಕರ್ನಾಟಕಕ್ಕೆ ಬೇರೆ ಮಂಡಳಿ, ಬೇರೆ ಅನುದಾನ ಬಂತು. ಅದರಲ್ಲಿ ಇನ್ನೊಂದು ದೊಡ್ಡ ಸ್ಟೇಡಿಯಂ ಕಟ್ಟಿ, ಕಲ್ಲಿನ ಮೇಲೆ ಹೆಸರು ಕೆತ್ತಿಸಿ ಎಂದು ನಾವು ಕೇಳುತ್ತಿಲ್ಲ. ಕೇಳುವುದು ಮೂರೇ:

ಸರ್ಕಾರದ ಪ್ರತಿ ಒಳಾಂಗಣ ಕೋರ್ಟು ಬೆಳಿಗ್ಗೆ ಎರಡು ತಾಸು, ಶಾಲೆ ಬಿಟ್ಟ ಮೇಲೆ ಎರಡು ತಾಸು ಮಕ್ಕಳಿಗೆ ಪುಕ್ಕಟೆ ಇರಲಿ.

ತಾಲೂಕಿಗೊಬ್ಬ ತರಬೇತುದಾರರಿರಲಿ, ಅವರಿಗೆ ತಿಂಗಳು ತಿಂಗಳು ಸಂಬಳ ಸಿಗಲಿ.

ಸರ್ಕಾರದ ದುಡ್ಡಲ್ಲಿ ಕಟ್ಟಿದ ಭವನ ಮದುವೆ ಇಲ್ಲದ ದಿನ ಮಕ್ಕಳಿಗೆ ತೆರೆಯಲಿ.

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ತಮ್ಮ, ತಂಗಿಯರೇ, ಲೈಕ್ ಒತ್ತಿ ಸುಮ್ಮನಾಗಬೇಡಿ. ಮುಂದಿನ ಗ್ರಾಮಸಭೆಗೆ ಹೋಗಿ. ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: "ಭವನದ ಬೀಗದ ಕೈ ಯಾರ ಹತ್ತಿರ ಐತ್ರಿ?" ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಮನೆಗೆ ಬನ್ನಿ.