ರಸ್ತೆ ಮೇಲಿನ ಕಲ್ಲು



ನಮ್ಮೂರು ಕುರುಗೋಡು ರಸ್ತೆಯ ಮೇಲಿದೆ. ಸುಗ್ಗಿ ಬಂತೆಂದರೆ ಭತ್ತದ ಲಾರಿ, ಟ್ರ್ಯಾಕ್ಟರು ಹಗಲೂ ರಾತ್ರಿ ಓಡುತ್ತವೆ. ಶಾಲೆ ಮುಂದೆ ಕೂಡ ಯಾರೂ ನಿಧಾನ ಮಾಡಲ್ಲ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ನಾವೇ ಲೆಕ್ಕ ಮಾಡಿದ್ದೇವಲ್ಲ! ಡ್ರೈವರ್ ನಮ್ಮನ್ನು ನೋಡಿ ಬ್ರೇಕ್ ಒತ್ತುವಷ್ಟರಲ್ಲೇ ಗಾಡಿ ಅಷ್ಟು ಮುಂದೆ ಬಂದಿರುತ್ತದೆ.

ಊರವರೆಲ್ಲ "ಹಂಪ್ಸ್ ಹಾಕಿಸ್ರಿ" ಅಂತಾರೆ. ಹಾಕಿಸಲೇಬೇಕು. ಆದರೆ ಹೋದ ವರ್ಷ ನಾವೇ ಮಣ್ಣು ಸುರಿದು ಮಾಡಿದಂಥದ್ದು ಬೇಡ. ಹಂಪ್ಸ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕೆಂದು ನಿಯಮ ಇದೆಯಂತೆ, ಸರ್ ಹೇಳಿದರು. ನಮ್ಮದು ಒಂದು ಮೊಳ ಅಗಲ ಇತ್ತು. ಬಿಳಿ ಬಣ್ಣವೂ ಇರಲಿಲ್ಲ.

ಇನ್ನೊಂದು ಮಾತು ಹೇಳೋಕೆ ನಾಚಿಕೆ ಆಗುತ್ತದೆ. ಅರ್ಧ ರಸ್ತೆಯಲ್ಲಿ ನಾವೇ ಭತ್ತ ಒಣಹಾಕುತ್ತೇವೆ. ಉಳಿದ ಅರ್ಧದಲ್ಲೇ ಲಾರಿಯೂ ಬರಬೇಕು, ಶಾಲೆ ಮಕ್ಕಳೂ ನಡೆಯಬೇಕು. ಗಾಡಿ ಹತ್ತದಿರಲಿ ಅಂತ ಭತ್ತದ ಸುತ್ತ ಕಲ್ಲು ಇಡುತ್ತೇವೆ. ಸಂಜೆ ಭತ್ತ ಚೀಲಕ್ಕೆ ಹೋಗುತ್ತದೆ, ಕಲ್ಲು ಅಲ್ಲೇ ಇರುತ್ತದೆ. ಹೋದ ಸುಗ್ಗಿಯಲ್ಲಿ ನಮ್ಮ ದೊಡ್ಡಪ್ಪ ರಾತ್ರಿ ಜೋರಾಗಿ ಬೈಕ್ ಓಡಿಸಿಕೊಂಡು ಬಂದು ಅಂಥ ಕಲ್ಲಿಗೆ ಬಡಿದು ಬಿದ್ದರು. ಕಾಲು ಮುರಿಯಿತು. ಕಲ್ಲು ಇಟ್ಟವರನ್ನು ಮೂರು ತಿಂಗಳು ಮಂಚದ ಮೇಲೆ ಮಲಗಿಕೊಂಡೇ ಬೈದರು. ಇಟ್ಟವನು ನಾನು. ಅವತ್ತು ಹೇಳಲಿಲ್ಲ, ಇವತ್ತು ಬರೆದಿದ್ದೇನೆ.

ಈ ಸಲ ನಮ್ಮ ಕಲ್ಲೆಲ್ಲ ನಾನೇ ಎತ್ತಿ ಹಾಕಿದೆ. ಭತ್ತ ಒಣಗಿಸಲು ಪಂಚಾಯ್ತಿಯವರು ಊರ ಹೊರಗೆ ಒಂದು ಸಿಮೆಂಟ್ ಕಣ ಮಾಡಿಸಿಕೊಡಲಿ. ಹಂಪ್ಸ್‌ಗೆ ಅರ್ಜಿ ಬರೆಯುವಾಗ ಇದನ್ನೂ ಅದರಲ್ಲೇ ಸೇರಿಸೋಣ.