ಬೈಕಿನ ಬಿಲ್ಲಿಗೆ ಲೆಕ್ಕ ಕೇಳೋಣ

ಹೊಸ ಬೈಕ್ ಎಂದರೆ ನಮ್ಮ ಮನೆಗಳಲ್ಲಿ ಸಣ್ಣ ವಿಷಯ ಅಲ್ಲ. ಮಗನಿಗೆ ಕೆಲಸ ಸಿಕ್ಕಿತು, ಮೀನು ಮಾರುವ ಕಾಕನ ಹಳೆ ಗಾಡಿ ಕೈಕೊಟ್ಟಿತು, ಗಲ್ಫಿನಿಂದ ಅಣ್ಣ ಸ್ವಲ್ಪ ಹಣ ಕಳಿಸಿದ. ಹೀಗೆ ವರ್ಷಗಟ್ಟಲೆ ಕೂಡಿಟ್ಟು ಶೋರೂಮಿಗೆ ಹೋಗುತ್ತೇವೆ. ಅಲ್ಲಿ ಜಾಹೀರಾತಿನಲ್ಲಿ ಕಂಡ ಬೆಲೆ ಒಂದು, ಕೈಯಿಂದ ಹೋಗುವ ಹಣ ಇನ್ನೊಂದು. ನಡುವಿನದ್ದು ಎಂತ ಎಂದು ಕೇಳುವವರು ಕಡಿಮೆ. ಕೇಳಿದರೆ ಜಿಪುಣ ಅಂದುಕೊಳ್ಳುತ್ತಾರೇನೋ ಎಂಬ ನಾಚಿಕೆ. ಈ ನಾಚಿಕೆಯೇ ನಮಗೆ ದುಬಾರಿ ಆಗಿರುವುದು.

ಎಕ್ಸ್ ಶೋರೂಂ ಬೆಲೆಯ ಮೇಲೆ ರಸ್ತೆ ತೆರಿಗೆ, ನೋಂದಣಿ ಶುಲ್ಕ, ವಿಮೆ ಇವು ಕೊಡಲೇಬೇಕಾದದ್ದು. ಅದರಲ್ಲಿ ತಕರಾರಿಲ್ಲ. ಆದರೆ ಮೊನ್ನೆ ನಮ್ಮ ಮದ್ರಸದ ಮಗುವೊಂದರ ತಂದೆ ತಂದು ತೋರಿಸಿದ ಕೊಟೇಶನ್ ಚೀಟಿಯಲ್ಲಿ ಇವುಗಳ ಕೆಳಗೆ ಇನ್ನೂ ಇತ್ತು: ಹ್ಯಾಂಡ್ಲಿಂಗ್ ಚಾರ್ಜ್, ಆರ್‌ಟಿಒ ಖರ್ಚು, ಆಕ್ಸೆಸರಿ ಪ್ಯಾಕ್, ಕೋಟಿಂಗ್. ಆರ್‌ಟಿಒ ಶುಲ್ಕ ಮೇಲೆ ಬರೆದಾಗಿದೆ, ಕೆಳಗೆ ಮತ್ತೆ ಆರ್‌ಟಿಒ ಖರ್ಚು ಎಂದರೆ ಯಾವುದು? "ಎಲ್ಲರಿಗೂ ಹೀಗೇ ಉಸ್ತಾದ್, ಕೊಡದಿದ್ದರೆ ಗಾಡಿ ಲೇಟಾಗ್ತದಂತೆ" ಎಂದರು ಅವರು.

ಕಾನೂನು ಏನು ಹೇಳುತ್ತದೆ ನೋಡಿ. ಕೇಂದ್ರ ಮೋಟಾರು ವಾಹನ ನಿಯಮ 1989ರ 138ನೇ ನಿಯಮದಂತೆ, ದ್ವಿಚಕ್ರ ವಾಹನ ಕೊಳ್ಳುವಾಗ ಬಿಐಎಸ್ ಗುಣಮಟ್ಟದ ಹೆಲ್ಮೆಟ್ ಒದಗಿಸುವುದು ತಯಾರಕರ ಹೊಣೆ. ಹಿಂದೆ ಕೂರುವವರಿಗೆ ಹಿಡಿ, ಕಾಲಿಡುವ ಜಾಗ, ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಣೆ ಇರಬೇಕು ಎನ್ನುತ್ತದೆ 123ನೇ ನಿಯಮ. ನಮ್ಮ ಹೆಂಗಸರ ಬುರ್ಖಾ, ಶಾಲು ಚಕ್ರಕ್ಕೆ ಸಿಕ್ಕದಂತೆ ಕಾಯುವುದು ಇದೇ. ಇವನ್ನು ಆಕ್ಸೆಸರಿ ಎಂದು ಮಾರಿದರೆ ಯಾಕೆ ಎಂದು ಕೇಳಿ. ವಿಮೆಯಲ್ಲಿ 5 ವರ್ಷದ ಥರ್ಡ್ ಪಾರ್ಟಿ 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. ಆದರೆ ಶೋರೂಂ ತೋರಿಸಿದ ಕಂಪೆನಿಯಲ್ಲೇ ವಿಮೆ ಮಾಡಿಸಬೇಕೆಂದಿಲ್ಲ. ಹೊರಗೆ ವಿಚಾರಿಸಿ, ಕಡಿಮೆ ಇದ್ದಲ್ಲಿ ಮಾಡಿಸಬಹುದು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ. ಸರ್ಕಾರ ಬಿಟ್ಟ ಹಣ ಹ್ಯಾಂಡ್ಲಿಂಗ್ ಹೆಸರಲ್ಲಿ ಮತ್ತೆ ಹೋದರೆ ನಮಗೇನು ಲಾಭ?

ನಮ್ಮಲ್ಲಿ ಎಷ್ಟೋ ಮಂದಿ ಬಡ್ಡಿಗೆ ಹೆದರಿ ಸಾಲ ಬೇಡ ಎನ್ನುತ್ತಾರೆ, ಪೂರ್ತಿ ಹಣ ಒಟ್ಟಿಗೆ ಕೊಡುತ್ತಾರೆ. ಶೋರೂಮಿಗೆ ಫೈನಾನ್ಸ್ ಕಂಪೆನಿಯಿಂದ ಕಮಿಷನ್ ಉಂಟು. ಹಾಗಾಗಿ "ಲೋನ್ ಮಾಡಿ, ನಾಳೆಯೇ ಗಾಡಿ" ಎಂಬ ಒತ್ತಡ ಬರುತ್ತದೆ. ಹುಡುಗರಿಗೆ ಅವಸರ. ಒಂದು ವಾರ ಕಾದರೆ ಬೈಕ್ ಓಡಿಹೋಗುವುದಿಲ್ಲ, ಮಕ್ಕಳೇ. ಬಡ್ಡಿಯ ಕಂತು ಮಾತ್ರ ವರ್ಷಗಟ್ಟಲೆ ಬೆನ್ನ ಹಿಂದೆ ಇರುತ್ತದೆ.

ಶೋರೂಮಿನವರಿಗೂ ಬಾಡಿಗೆ, ಸಂಬಳ, ಕರೆಂಟ್ ಬಿಲ್ ಇದೆ ಎಂಬುದು ನಿಜ. ಮಾಡಿದ ಕೆಲಸಕ್ಕೆ ಹಣ ಕೇಳುವುದು ತಪ್ಪಲ್ಲ. ಇಂಥ ಕೆಲಸಕ್ಕೆ ಇಷ್ಟು ಎಂದು ಮೊದಲೇ ಹೇಳಲಿ, ಬೇಕಾದವರು ಕೊಡುತ್ತಾರೆ, ಬೇಡದವರು ಬಿಡುತ್ತಾರೆ. ಒಟ್ಟು ಬೆಲೆ ಇಬ್ಬರಿಗೂ ಗೊತ್ತಿದ್ದು ಒಪ್ಪಿದರೆ ವ್ಯಾಪಾರ ಆಗುತ್ತದೆ, ಸರಿ. ಆದರೆ ಸರ್ಕಾರಕ್ಕೆ ಎಂದು ಹೇಳಿ ಪಡೆದ ಹಣ ಸರ್ಕಾರಕ್ಕೆ ಹೋಗದಿದ್ದರೆ ಅದು ಸುಳ್ಳು ಹೇಳಿ ತೆಗೆದ ಹಣ. ಧಾನ್ಯದ ರಾಶಿಗೆ ಕೈಹಾಕಿ, ಮೇಲೆ ಒಣಗಿದ್ದು ಒಳಗೆ ಒದ್ದೆಯಾಗಿದ್ದದ್ದನ್ನು ಕಂಡು ಪ್ರವಾದಿ (ಸ.ಅ.) ವ್ಯಾಪಾರಿಯನ್ನು ತರಾಟೆಗೆ ತೆಗೆದುಕೊಂಡ ಘಟನೆ ಮದ್ರಸದ ಮಕ್ಕಳಿಗೂ ಗೊತ್ತು. ಒದ್ದೆಯನ್ನು ಜನ ಕಾಣುವಂತೆ ಮೇಲೆ ಇಡಬೇಕಿತ್ತು ಎಂಬುದೇ ಅಲ್ಲಿನ ಪಾಠ. ಬಿಲ್ಲಿಗೂ ಅದೇ ಪಾಠ.

ಮಾರಿದ ಮೇಲಿನ ಸರ್ವಿಸ್ ಕೂಡ ವ್ಯಾಪಾರದ ಭಾಗ. ಫ್ರೀ ಸರ್ವಿಸ್ ಎಂದರೆ ಸಾಮಾನ್ಯವಾಗಿ ಕೂಲಿ ಮಾತ್ರ ಫ್ರೀ, ಆಯಿಲಿಗೆ ಹಣ ಉಂಟು. ಇದನ್ನು ಗಾಡಿ ಕೊಡುವ ದಿನವೇ ಹೇಳುವವರು ಎಷ್ಟು ಮಂದಿ? ನಾವೂ ಸ್ವಲ್ಪ ಎಚ್ಚರ ಇಡೋಣ. ಗಾಡಿ ಪಡೆಯುವಾಗ ಚಾಸಿಸ್ ನಂಬರ್ ಕಾಗದದೊಂದಿಗೆ ತಾಳೆ ನೋಡಿ. ತಯಾರಾದ ತಿಂಗಳು ಕೇಳಿ. ಗೀರು ಇದ್ದರೆ ಅಲ್ಲೇ ಹೇಳಿ. ನೋಂದಣಿ ಆಗದೆ ಗಾಡಿ ರಸ್ತೆಗೆ ಇಳಿಸಬೇಡಿ. ಸರ್ವಿಸಿಗೆ ಬಿಟ್ಟಾಗ ಜಾಬ್ ಕಾರ್ಡ್ ಬರೆಸಿ, ಬದಲಿಸಿದ ಹಳೆ ಪಾರ್ಟ್ ವಾಪಸ್ ಕೇಳಿ.

ಕೊಟ್ಟ ಪ್ರತಿ ರೂಪಾಯಿಗೆ ರಶೀದಿ ಬೇಕು. ರಶೀದಿ ಇಲ್ಲದ ಹಣ ಕೇಳಿದರೆ, ಬರೆದು ಕೊಡಿ ಎನ್ನಿ, ಅಷ್ಟು ಸಾಕು. ಎಷ್ಟೋ ಚಾರ್ಜುಗಳು ಅಲ್ಲೇ ಮಾಯ ಆಗುತ್ತವೆ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕವೂ ಇಲ್ಲ.

ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂದದ್ದು ಎನ್ನುತ್ತಾರೆ ಹಿರಿಯರು. ನಮ್ಮ ಹುಡುಗರೂ ಶೋರೂಮಿನಲ್ಲಿ ಸೇಲ್ಸ್‌ಮನ್ ಇದ್ದಾರೆ, ಗ್ಯಾರೇಜ್ ಇಟ್ಟವರೂ ಇದ್ದಾರೆ. ಅವರಿಗೂ ನಮ್ಮ ಮಾತು ಇಷ್ಟೇ: ಓದು ಬಾರದ ಉಮ್ಮನೊಬ್ಬಳು ಮಗನಿಗಾಗಿ ಸೆರಗಿನ ಗಂಟು ಬಿಚ್ಚಿ ಹಣ ಎಣಿಸುವಾಗ, ಪ್ರತಿ ಸಾಲನ್ನೂ ಓದಿ ಹೇಳಿ. ಕಮಿಷನ್ ಸ್ವಲ್ಪ ಕಡಿಮೆ ಆದೀತು, ಬರಕತ್ ಕಡಿಮೆ ಆಗದು.